ಬೀಗದಣ್ಣ ಕೇಳಿದ ಒಂದೇ ಪ್ರಶ್ನೆ

ವರ್ಷಕ್ಕೊಮ್ಮೆ, ಕಾಲೇಜುಗಳಿಗೆ ಅರ್ಜಿ ಹಾಕುವ ಕಾಲ ಬಂದ ಕೂಡಲೇ, ನನ್ನ ಜೆರಾಕ್ಸ್ ಅಂಗಡಿಗೆ ಬರುವ ಅಪ್ಪ ಅಮ್ಮಂದಿರು ಅಂಕಪಟ್ಟಿಯ ಪ್ರತಿ ತೆಗೆಸುತ್ತಾ ದನಿ ತಗ್ಗಿಸಿ ಒಂದು ಮಾತು ಕೇಳುತ್ತಾರೆ. ಪಕ್ಕದ ಅಂಗಡಿಯ ಬೀಗದಣ್ಣನ ಮಗಳಿಗೆ ಆ ಕಾಲೇಜು ಸಿಕ್ಕಿತಲ್ಲ, ಅವರು ಯಾವ ಕನ್ಸಲ್ಟೆಂಟ್ ಹತ್ತಿರ ಹೋಗಿದ್ದರು? ಹೆಸರು, ವಿಳಾಸ ನಾನು ಹೇಳುವುದಿಲ್ಲ. ಅವರನ್ನು ಹುಡುಕಿದ ಬಗೆ ಬೇಕಾದರೆ ಹೇಳುತ್ತೇನೆ, ಆದರೆ ಅದನ್ನು ಪೂರ್ತಿ ಕೇಳುವ ಪುರುಸೊತ್ತು ಇವತ್ತಿನವರೆಗೆ ಯಾರಿಗೂ ಇರಲಿಲ್ಲ. ನಿಮಗಿದ್ದರೆ ಕೂತುಕೊಳ್ಳಿ.

ಬೀಗದಣ್ಣ ಎಂದರೆ ಬೀಗ ರಿಪೇರಿ ಮಾಡುವವರು. ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಅವರ ಅಂಗಡಿ. ಇಬ್ಬರು ಗಿರಾಕಿಗಳು ಬಂದರೆ ಒಬ್ಬರು ರಸ್ತೆಯಲ್ಲಿ ನಿಲ್ಲಬೇಕು. ಒಳಗೆ ಗೋಡೆಯ ತುಂಬ ಮೊಳೆಗಳ ಸಾಲು, ಮೊಳೆಗೊಂದು ಕೀ. ನಮ್ಮ ಬೀದಿಯ ಅರ್ಧ ಮನೆಗಳ ಎರಡನೇ ಕೀ ಅಲ್ಲಿದೆ, ಆದರೆ ಒಂದಕ್ಕೂ ಹೆಸರಿನ ಚೀಟಿ ಇಲ್ಲ. ಯಾವುದು ಯಾರದೆನ್ನುವುದು ಅವರ ತಲೆಯೊಳಗೆ ಮಾತ್ರ ಇದೆ. ನನ್ನ ಅಂಗಡಿಗೂ ಅವರ ಅಂಗಡಿಗೂ ನಡುವೆ ಇರುವುದು ಒಂದು ಪ್ಲೈವುಡ್ ಹಲಗೆ, ಅದೂ ಮೇಲುಗಡೆ ಒಂದು ಗೇಣು ಮೊಟಕು. ಅವರು ಕೆಮ್ಮಿದರೆ ನಾನು ನೀರಿನ ಬಾಟಲಿ ದಾಟಿಸುತ್ತೇನೆ. ಹಾಗಿದ್ದೂ ಇಷ್ಟು ವರ್ಷಗಳಲ್ಲಿ ಅವರ ಬಾಯಿಂದ ಒಂದೇ ಒಂದು ಮನೆಯ ಸುದ್ದಿ ಹೊರಟದ್ದನ್ನು ನಾನು ಕೇಳಿಲ್ಲ.

ನನಗೆ ಇದು ಎಂಥ ಹಿಂಸೆ ಎನ್ನುವುದನ್ನು ಹೇಳಿಬಿಡುತ್ತೇನೆ. ನನಗೆ ಕಂಡವರ ವಿಷಯದಲ್ಲಿ ಮೂಗು ತೂರಿಸುವ ಚಾಳಿ ಇದೆ. ಗಾಜಿನ ಮೇಲೆ ಮಗುಚಿ ಹಾಕುವ ಮುಂಚೆ ಹಾಳೆಯನ್ನು ಒಮ್ಮೆ ನೋಡಲೇಬೇಕಲ್ಲ, ಸರಿಯಾಗಿದೆಯೋ ಇಲ್ಲವೋ ಅಂತ? ಹಾಗೆ ನೋಡುತ್ತ ನೋಡುತ್ತ ಯಾರಿಗೆ ಸಕ್ಕರೆ ಕಾಯಿಲೆ, ಯಾರು ಕೆಲಸ ಬಿಟ್ಟರು, ಯಾರ ಮದುವೆ ಕೋರ್ಟು ಹತ್ತಿತು, ಎಲ್ಲ ನನಗೆ ತಿಳಿಯುತ್ತದೆ. ಒಮ್ಮೆ ಎದುರು ಸಾಲಿನ ಗಂಡ ಹೆಂಡಿರ ಜಗಳ ಜೋರಾಗಿ, ಬೀಗ ಬದಲಾಯಿಸಲು ಬೀಗದಣ್ಣನನ್ನು ಕರೆಸಿದ್ದರು. ಅವರು ವಾಪಸು ಬಂದಾಗ ನಾನು ಟೀ ತರಿಸಿಕೊಟ್ಟು ಮೆಲ್ಲಗೆ ವಿಚಾರಿಸಿದೆ. ಟೀ ಪೂರ್ತಿ ಕುಡಿದು, ಬಾಗಿಲು ಒಳ್ಳೆ ಮರದ್ದು ಎಂದಷ್ಟೇ ಹೇಳಿ ಎದ್ದುಹೋದರು. ಟೀ ದಂಡವಾಯಿತು.

ಅವರಿಗೆ ಒಬ್ಬಳೇ ಮಗಳು. ಹೆಂಡತಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಪಾಳಿಯ ಕೆಲಸ ಮಾಡುತ್ತಾರೆ. ಹಾಗಾಗಿ ಹುಡುಗಿ ಬೆಳೆದದ್ದೆಲ್ಲ ಈ ಎರಡು ಅಂಗಡಿಗಳಲ್ಲೇ. ಶಾಲೆಯಿಂದ ಬಂದು ಅಪ್ಪನ ಸ್ಟೂಲಿನ ಮೇಲೆ ಕೂತು ಹೋಮ್‌ವರ್ಕ್, ಆಮೇಲೆ ನನ್ನ ಕೌಂಟರಿಗೆ ಒರಗಿ ಹರಟೆ. ಅಪ್ಪ ಆಡದೆ ಉಳಿಸಿದ ಮಾತುಗಳನ್ನೆಲ್ಲ ಸೇರಿಸಿ ಅವಳೇ ಆಡುತ್ತಿದ್ದಳು. ಹದಿನೇಳು ತುಂಬಿದಾಗ, ಹಳೆಯ ಕಟ್ಟಡಗಳನ್ನು ಕೆಡವದೆ ಉಳಿಸಿಕೊಳ್ಳುವುದು ಹೇಗೆ ಎಂಬುದನ್ನು ಓದುತ್ತೇನೆ ಎಂದು ಕೂತಳು. ಅಂಥದ್ದೊಂದು ಓದು ಇದೆಯೆಂದೇ ನಮಗೆ ಗೊತ್ತಿರಲಿಲ್ಲ. ಅದನ್ನು ಚೆನ್ನಾಗಿ ಕಲಿಸುವುದು ದೂರದ ಒಂದೇ ಒಂದು ಕಾಲೇಜಂತೆ, ಅಲ್ಲಿ ಸೀಟು ಮೂವತ್ತಂತೆ. ಬರೀ ಅಂಕ ಇದ್ದರೆ ಸಾಲದು, ನಾನು ಯಾರು, ಎಲ್ಲಿಂದ ಬಂದೆ, ಇದನ್ನೇ ಯಾಕೆ ಓದಬೇಕು ಎಂದು ಮೂರು ಪುಟ ಬರೆಯಬೇಕು, ಆಮೇಲೆ ಸಂದರ್ಶನ. ಆ ವರ್ಷ ತಪ್ಪಿದರೆ ಅವಳ ವಿದ್ಯಾರ್ಥಿವೇತನವೂ ತಪ್ಪುತ್ತಿತ್ತು. ಹಾಗಾಗಿ ಇದ್ದದ್ದು ಒಂದೇ ಅವಕಾಶ.

ಈ ಮೂರು ಪುಟ ಬರೆಸಲಿಕ್ಕೇ ಊರ ತುಂಬ ಕನ್ಸಲ್ಟೆಂಟುಗಳಿದ್ದಾರೆ. ಅಪ್ಪ ಮಗಳು ಮೊದಲು ಹೋದದ್ದು ಗಾಜಿನ ಆಫೀಸಿಗೆ. ಬೀಗದಣ್ಣ ಎಲ್ಲಿಗೆ ಹೋದರೂ ಮೊದಲು ಬೀಗ ನೋಡುತ್ತಾರೆ. ಅಲ್ಲಿ ಬೆರಳಿಟ್ಟರೆ ತೆಗೆಯುವ ಬಾಗಿಲಂತೆ, ಅದರ ಕೆಳಗಿನ ಚಿಲಕ ಮಾತ್ರ ಕೂತಿಲ್ಲ ಎಂದು ಮಗಳ ಕಿವಿಯಲ್ಲಿ ಹೇಳಿದರಂತೆ. ಒಳಗಿದ್ದವನು ಚಿಕ್ಕ ವಯಸ್ಸಿನವನು. ಅಂಗೈಯಲ್ಲೇ ಆಕಾಶ ತೋರಿಸಿದ. ಬೀಗ ರಿಪೇರಿ ಅಂತ ಬರೆಯುವುದು ಬೇಡ, ಭದ್ರತಾ ಕ್ಷೇತ್ರದ ಉದ್ಯಮಿ ಅಂತ ಬರೆಯೋಣ ಎಂದ. ಬೀಗದಣ್ಣ ಕೊನೆಯಲ್ಲಿ ಒಂದೇ ಪ್ರಶ್ನೆ ಕೇಳಿದರು, ಬೇರೆ ಮಕ್ಕಳು ಬರೆದದ್ದು ಯಾವುದಾದರೂ ಇದ್ದರೆ ತೋರಿಸುತ್ತೀರಾ ಎಂದು. ಅವನು ಖುಷಿಯಿಂದ ಫೈಲು ತೆಗೆದು, ಅಪ್ಪನ ವ್ಯಾಪಾರ ಮುಳುಗಿದ ಮೇಲೆ ಮನೆಯಲ್ಲಿ ಏನೇನಾಯಿತೆಂದು ಒಬ್ಬ ಹುಡುಗ ಬರೆದದ್ದನ್ನು ಮುಂದಿಟ್ಟ. ಬೀಗದಣ್ಣ ಅದನ್ನು ಓದದೆ ಮಡಚಿ ವಾಪಸು ಕೊಟ್ಟು, ಯೋಚಿಸಿ ಹೇಳುತ್ತೇನೆಂದು ಎದ್ದುಬಂದರು.

ಎರಡನೆಯವರು ಒಂದು ಕಾಲದಲ್ಲಿ ಕಾಲೇಜಿನಲ್ಲಿ ಪಾಠ ಮಾಡಿದ ಮೇಷ್ಟ್ರು, ಮಾತು ಬೆಣ್ಣೆ. ಗೋಡೆಯ ಮೇಲೆ ಗೆದ್ದ ಮಕ್ಕಳ ಫೋಟೋಗಳು. ಅವರ ಲೆಕ್ಕಾಚಾರ ಇನ್ನೊಂದು ಥರ. ಅಪ್ಪನ ಕಸುಬು ಮುಚ್ಚಬಾರದು, ಅದೇ ಬಂಡವಾಳ. ಅಪ್ಪನ ಕೈಗೆ ಅಂಟಿದ ಕಪ್ಪು, ತೊಳೆದರೂ ಹೋಗದ ಎಣ್ಣೆ, ಅದನ್ನು ನೋಡಿ ನೀನು ಅತ್ತ ರಾತ್ರಿಗಳು, ಹೀಗೆ ಬರೆದರೆ ಓದುವವರ ಕಣ್ಣು ಒದ್ದೆಯಾಗುತ್ತದೆ ಎಂದರು. ಹುಡುಗಿ, ನಾನು ಯಾವತ್ತೂ ಅತ್ತಿಲ್ಲವಲ್ಲ ಎಂದಳಂತೆ. ಪರವಾಗಿಲ್ಲ, ಬರೆಯುವಾಗ ಅಳೋಣ ಎಂದರಂತೆ. ಬೀಗದಣ್ಣ ತಮ್ಮ ಕೈಗಳನ್ನು ಮೇಜಿನ ಕೆಳಗೆ ಇಳಿಸಿಕೊಂಡದ್ದನ್ನು ಮಗಳು ನೋಡಿದಳು. ಆಮೇಲೆ ಅದೇ ಪ್ರಶ್ನೆ. ಮೇಷ್ಟ್ರು ಸಂತೋಷದಿಂದ ಒಬ್ಬ ಹುಡುಗಿಯ ಪ್ರಬಂಧ ಕೊಟ್ಟರು, ತಾಯಿಯ ಮನೋರೋಗದ ಬಗ್ಗೆ. ಹೆಸರಿನ ಮೇಲೆ ಶಾಯಿ ಬಳಿದಿತ್ತು, ಬೆಳಕಿಗೆ ಹಿಡಿದರೆ ಹೆಸರು ಕಾಣುತ್ತಿತ್ತು. ಬೀಗದಣ್ಣ ಮತ್ತೆ ಯೋಚಿಸಿ ಹೇಳುತ್ತೇನೆಂದು ಹೊರಬಂದರು.

ಆ ಸಂಜೆ ಹುಡುಗಿ ನನ್ನ ಕೌಂಟರಿಗೆ ಒರಗಿ ಇಷ್ಟನ್ನೂ ಹೇಳಿ, ಅರ್ಜಿ ಹಾಕಲು ಇನ್ನು ಹದಿನೆಂಟು ದಿನ ಇದೆ, ಅಪ್ಪನಿಗೆ ಯಾರೂ ಹಿಡಿಸುವುದಿಲ್ಲ ಆಂಟಿ, ಎಂದು ಮುಖ ಸಣ್ಣದು ಮಾಡಿದಳು. ನನಗೆ ಸಿಟ್ಟು ನೆತ್ತಿಗೇರಿತು. ಅವಳು ಮನೆಗೆ ಹೋದ ಮೇಲೆ ಹಲಗೆ ತಟ್ಟಿದೆ.

“ಅಣ್ಣ, ನಿಮಗೆ ಬೇಕಾಗಿರೋದು ಕನ್ಸಲ್ಟೆಂಟಾ, ಸಾಕ್ಷಾತ್ ದೇವರಾ? ನೀವು ಹಿಂಗೆ ಒಬ್ಬೊಬ್ಬರನ್ನೂ ಬೇಡ ಅಂತಾ ಕೂತ್ರೆ ಮಗು ಮನೇಲೇ ಕೂರ್ತಾಳೆ.”

ಆ ಕಡೆ ಕೀ ಉಜ್ಜುತ್ತಿದ್ದ ಅರದ ಸದ್ದು ನಿಂತಿತು, ಮತ್ತೆ ಶುರುವಾಯಿತು. ಅವರ ಜೊತೆ ಜಗಳವಾಡುವುದೂ ಒಂದೇ, ಗೋಡೆಗೆ ಹಣೆ ಚಚ್ಚಿಕೊಳ್ಳುವುದೂ ಒಂದೇ. ಆದರೆ ಅವರ ತಲೆಯಲ್ಲಿ ಏನಿದೆ ಎಂಬುದು ನನ್ನ ತಲೆ ತಿನ್ನತೊಡಗಿತು. ಮಗಳ ಓದಿಗೆ ಜೀವ ಬಿಡುವ ಮನುಷ್ಯ, ಗೆದ್ದವರ ಬರಹ ಕೈಯಲ್ಲಿಟ್ಟರೂ ಓದದೆ ಯಾಕೆ ಬಂದರು? ಓದುವುದಿಲ್ಲವೆಂದಾದರೆ ಕೇಳಿದ್ದಾದರೂ ಯಾಕೆ?

ಮೂರನೆಯವರು ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತರಾದ ಮೇಡಂ. ಬೋರ್ಡಿಲ್ಲ, ಫೋಟೋಗಳಿಲ್ಲ, ಮನೆಯ ಮುಂದಿನ ಕೋಣೆಯೇ ಆಫೀಸು. ಆ ದಿನ ಮಗಳಿಗೆ ತರಗತಿ ಇದ್ದುದರಿಂದ ಬೀಗದಣ್ಣ ಒಬ್ಬರೇ ಹೋಗಿದ್ದರು. ಮುಕ್ಕಾಲು ಗಂಟೆಯಲ್ಲಿ ವಾಪಸು ಬಂದರು, ನೇರ ನನ್ನ ಅಂಗಡಿಗೇ ಬಂದರು, ಮುಖದ ತುಂಬ ನಗು. ಅವರ ಹಲ್ಲನ್ನು ನಾನು ಅಷ್ಟು ಸರಿಯಾಗಿ ನೋಡಿದ್ದು ಅವತ್ತೇ.

“ಬೈದು ಆಚೆ ಕಳಿಸಿದ್ರು ಕಣಮ್ಮ. ಇವರೇ ಆಗ್ಬೇಕು,” ಎಂದರು.

ನಡೆದದ್ದು ಇಷ್ಟು. ಬೇರೆ ಮಕ್ಕಳು ಬರೆದದ್ದು ತೋರಿಸಿ ಎಂದು ಇವರು ಕೇಳಿದರು, ಆಗುವುದಿಲ್ಲ ಎಂದರು ಮೇಡಂ. ಒಂದೇ ಒಂದು ಎಂದರು ಇವರು. ಅದು ಆ ಮಕ್ಕಳದ್ದು, ನನ್ನದಲ್ಲ ಎಂದರು ಅವರು. ಹೆಸರು ಮುಚ್ಚಿ ತೋರಿಸಿ ಎಂದು ಇವರು ಮೂರನೇ ಸಲ ಅಂದಾಗ ಮೇಡಂ ಎದ್ದು ಬಾಗಿಲು ತೆಗೆದು ನಿಂತರು. ಅವರ ಬೀರುವಿಗೆ ಹಳೆಯ ಕಾಲದ ಸಾಮಾನ್ಯ ಬೀಗ, ಆದರೆ ಕೀ ಅವರ ಸೊಂಟದಲ್ಲಿತ್ತು ಎಂದು ಬೀಗದಣ್ಣ ತುಂಬ ಗೌರವದಿಂದ ಹೇಳಿದರು.

ಇನ್ನೂ ನನಗೆ ಅರ್ಥವಾಗದ್ದು ನೋಡಿ, ಪಕ್ಕಪಕ್ಕ ಕೂತ ಹದಿನಾಲ್ಕು ವರ್ಷಗಳಲ್ಲಿ ಮೊದಲ ಸಲ ತಮ್ಮ ಕಥೆ ಹೇಳಿದರು. ಹದಿನೆಂಟನೇ ವಯಸ್ಸಿನಲ್ಲಿ ಅವರು ಒಬ್ಬ ಮುದುಕ ಉಸ್ತಾದರ ಕೈಕೆಳಗೆ ಕೆಲಸ ಕಲಿಯಲು ಸೇರಿದ್ದರಂತೆ. ಒಂದು ತಿಂಗಳಾದ ಮೇಲೆ ಒಬ್ಬಂಟಿಯಾಗಿ ಮೊದಲ ಬೀಗ ತೆಗೆದು ಬಂದರು. ಮರುದಿನ ಉಸ್ತಾದರು ಪ್ರೀತಿಯಿಂದ ಕೂರಿಸಿಕೊಂಡು, ನಿನ್ನೆ ಯಾರ ಮನೆ, ಒಳಗೆ ಏನಿತ್ತು ಎಂದು ಕೇಳಿದರು. ಇವರು ಉಬ್ಬಿಹೋಗಿ ಮನೆಯವರ ಹೆಸರಿನಿಂದ ಹಿಡಿದು ಬೀರುವಿನ ಬಣ್ಣದವರೆಗೆ ಒಪ್ಪಿಸಿದರು. ಉಸ್ತಾದರು, ನಾಳೆಯಿಂದ ಬರಬೇಡ ಎಂದರು. ಎರಡು ತಿಂಗಳು ದಿನಾ ಹೋಗಿ ಬಾಗಿಲಲ್ಲಿ ನಿಂತ ಮೇಲೆ ಒಳಗೆ ಸೇರಿಸಿದರಂತೆ. ಈ ಕಸುಬಿನಲ್ಲಿ ಹೊಸಬರನ್ನು ನೋಡುವುದು ಹಾಗೆಯೇ. ಕೈ ಚುರುಕಾಗಿದೆಯೇ ಎಂದಲ್ಲ, ಕೇಳಿದಾಗ ಬಾಯಿ ಬಿಡುತ್ತಾನೆಯೇ ಎಂದು.

“ಇವತ್ತು ನನಗೆ ಇನ್ನೊಬ್ಬರ ಮಗೂದು ತೋರಿಸೋರು, ನಾಳೆ ಇನ್ಯಾರಿಗೋ ನನ್ನ ಮಗೂದು ತೋರಿಸ್ತಾರೆ. ಅದಕ್ಕೇ ಕೇಳಿದ್ದು,” ಎಂದರು.

ನಾನು ಗಾಜು ಒರೆಸುವ ಬಟ್ಟೆ ಕೈಗೆತ್ತಿಕೊಂಡೆ. ಹದಿನಾಲ್ಕು ವರ್ಷಗಳಲ್ಲಿ ಬಾಯಿ ಬಿಡಿಸಲೆಂದು ಕೊಟ್ಟ ಟೀಗಳೆಲ್ಲ ಒಂದೊಂದಾಗಿ ನೆನಪಾದವು. ಇವರು ನನ್ನನ್ನು ಯಾವತ್ತೋ ಪರೀಕ್ಷೆ ಮಾಡಿ, ಫೇಲು ಮಾಡಿ, ಬಾಯಿ ಬಿಡದೆ ಇಟ್ಟುಕೊಂಡಿದ್ದಾರೆ ಎನಿಸಿ ಕಿವಿ ಬಿಸಿಯಾಯಿತು. ಮೊಟಕು ಹಲಗೆಯ ಆ ಕಡೆ ಅವರು ತಮ್ಮ ಮನೆಯ ಮಾತು ಆಡದೇ ಇದ್ದದ್ದು ಸ್ವಭಾವವೋ, ನನ್ನ ಮೇಲಿನ ಅನುಮಾನವೋ? ಕೇಳುವ ಧೈರ್ಯ ಬರಲಿಲ್ಲ. ಕೇಳದೆ ಬಿಟ್ಟ ಮೊದಲ ಪ್ರಶ್ನೆ ಅದು.

ಆದರೆ ಅವರ ಜಾಣತನ ಅವರಿಗೇ ತಿರುಗಿಬಿತ್ತು. ಮರುದಿನ ಮಗಳನ್ನು ಕರೆದುಕೊಂಡು ಹೋದರೆ ಮೇಡಂ ಗೇಟನ್ನೇ ತೆಗೆಯಲಿಲ್ಲ. ಕಂಡ ಮಕ್ಕಳ ಬರಹ ಕೇಳುವ ತಂದೆ ತಾಯಿಯರನ್ನು ನಾನು ಹತ್ತಿರ ಸೇರಿಸುವುದಿಲ್ಲ ಎಂದರು. ಬೀಗದಣ್ಣ ಗೇಟಿನ ಆಚೆ ನಿಂತು, ಅದು ನಿಮ್ಮನ್ನು ನೋಡಲಿಕ್ಕೆ ಕೇಳಿದ ಪ್ರಶ್ನೆ ಎಂದು ಉಸ್ತಾದರ ಕಥೆಯನ್ನೆಲ್ಲ ಮತ್ತೊಮ್ಮೆ ಹೇಳಬೇಕಾಯಿತು. ಒಂದೇ ವಾರದಲ್ಲಿ ಎರಡು ಸಲ ಅಷ್ಟು ಮಾತಾಡಿ ಅವರ ಗಂಟಲು ಕಟ್ಟಿತಂತೆ. ಮೇಡಂ ಪೂರ್ತಿ ಕೇಳಿದರು, ನಗಲಿಲ್ಲ.

“ನನ್ನದೂ ಒಂದು ಷರತ್ತಿದೆ,” ಎಂದರಂತೆ. “ಅವಳು ಬರೆಯೋದು ಅವಳದ್ದು. ಏನು ಬರೆದಳು ಅಂತ ನೀವು ನನ್ನ ಹತ್ತಿರ ಕೇಳಬಾರದು. ಅವಳಾಗೇ ಕೊಟ್ಟರೆ ಓದಿ, ಇಲ್ಲದಿದ್ರೆ ಇಲ್ಲ. ಆಗುತ್ತಾ?”

ಬೀಗದಣ್ಣ ಹಿಂದೆ ಮುಂದೆ ನೋಡದೆ ಆಗುತ್ತದೆ ಎಂದರು. ಜೀವಮಾನವಿಡೀ ಅದನ್ನೇ ಮಾಡಿಕೊಂಡು ಬಂದವರಿಗೆ ಅದೇನು ಕಷ್ಟ?

ಎಷ್ಟು ಕಷ್ಟ ಎಂಬುದನ್ನು ಮುಂದಿನ ಎರಡು ವಾರ ನಾನು ಹಲಗೆಯ ಈ ಕಡೆಯಿಂದ ಕೇಳಿಸಿಕೊಂಡೆ. ಹುಡುಗಿ ದಿನಾ ಸಂಜೆ ಮೇಡಂ ಮನೆಗೆ ಹೋಗಿ ಏಳು ಗಂಟೆಯ ಹೊತ್ತಿಗೆ ಬರುತ್ತಿದ್ದಳು. ಅವಳು ಬಂದ ಕೂಡಲೇ ಅರದ ಸದ್ದು ನಿಲ್ಲುತ್ತಿತ್ತು. ಊಟ ಆಯಿತಾ ಎಂದು ಕೇಳುತ್ತಿದ್ದರು. ಪೆನ್ನು ಸರಿಯಾಗಿ ಬರೆಯುತ್ತಾ ಎಂದು ಕೇಳುತ್ತಿದ್ದರು. ಒಂದು ದಿನ, ಹಾಳೆ ಎಷ್ಟಾಯಿತು ಎಂದೂ ಕೇಳಿದರು. ಒಂದೂವರೆ ಎಂದಳು. ಅಷ್ಟರ ಮೇಲೆ ಬಾಯಿಲ್ಲ. ಒಂದು ಕೀ ತಪ್ಪಾಗಿ ಕೊರೆದು ಗಿರಾಕಿಯ ಕೈಲಿ ಬೈಸಿಕೊಂಡರು. ಅವರ ಕೈಲಿ ಕೀ ತಪ್ಪಿದ್ದನ್ನು ನಾನು ಕಂಡಿರಲಿಲ್ಲ. ಬಿಡುವಿದ್ದಾಗ ಹಿಡಿ ಹಿಡಿ ಸೋಪಿನ ಪುಡಿ ಹಾಕಿಕೊಂಡು ಕೈ ತೊಳೆಯುತ್ತಿದ್ದರು. ಮೊದಲನೆಯವನು ಕಸುಬನ್ನು ಮುಚ್ಚು ಎಂದಿದ್ದ, ಎರಡನೆಯವರು ಮಾರು ಎಂದಿದ್ದರು. ಮಗಳು ಇದರಲ್ಲಿ ಯಾವುದನ್ನು ಮಾಡಿದ್ದಾಳೋ ಎಂಬುದೇ ಅವರನ್ನು ಕೊರೆಯುತ್ತಿದ್ದದ್ದು. ಸೀಟಿಗಿಂತ ದೊಡ್ಡ ಚಿಂತೆ ಅದಾಗಿತ್ತು. ತನ್ನ ಅಪ್ಪನ ವಿಷಯದಲ್ಲಿ ಅವಳಿಗೆ ನಾಚಿಕೆ ಇದೆಯೇ ಎಂದು ಯಾವ ಅಪ್ಪ ತಾನೇ ಬಾಯಿ ಬಿಟ್ಟು ಕೇಳಿಯಾನು?

ಕೊನೆಯ ದಿನಕ್ಕೆ ಎರಡು ದಿನ ಮುಂಚೆ ಹುಡುಗಿ ಮೂರು ಹಾಳೆ ತಂದು, ಎರಡೆರಡು ಪ್ರತಿ ತೆಗೆದಿಡಿ ಆಂಟಿ, ಅಂಚೆ ಕವರು ತರುತ್ತೇನೆ ಎಂದು ಓಡಿದಳು. ಸ್ಟೇಷನರಿ ಅಂಗಡಿ ಬೀದಿಯ ತುದಿಯಲ್ಲಿದೆ, ಹೋಗಿ ಬರಲು ಹತ್ತು ನಿಮಿಷ. ಓದಬಾರದು ಎಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡದ್ದು ನಿಜ. ಮೊದಲ ಹಾಳೆಯನ್ನು ಕಣ್ಣು ಮುಚ್ಚಿಯೇ ಗಾಜಿನ ಮೇಲೆ ಹಾಕಿದೆ, ಸೊಟ್ಟಗೆ ಬಂತು. ಸರಿ ಮಾಡಲು ಕಣ್ಣು ತೆರೆದೆ. ಆಮೇಲೆ ಮೂರೂ ಹಾಳೆ ಓದಿ ಮುಗಿಸಿದೆ, ನಿಂತ ಕಾಲಲ್ಲೇ.

ಪ್ರತಿಗಳನ್ನು ಜೋಡಿಸುತ್ತಿರುವಾಗ ಬೀಗದಣ್ಣ ಕೌಂಟರಿನ ಮುಂದೆ ನಿಂತಿದ್ದರು. ಹಾಳೆಗಳನ್ನು ನೋಡಿದರು, ನನ್ನನ್ನು ನೋಡಿದರು. ನನ್ನ ಮುಖದಲ್ಲಿ ಏನೂ ನಿಲ್ಲುವುದಿಲ್ಲ ಎನ್ನುವುದು ಅವರಿಗೂ ಗೊತ್ತು.

“ಓದಿದೆ ಅಲ್ವಾ?” ಎಂದರು. ಅವರು ಎರಡೂ ಕೈ ಕೌಂಟರಿನ ಮೇಲಿಟ್ಟು, “ಏನು ಬರೆದಿದ್ದಾಳಮ್ಮ ನನ್ನ ಬಗ್ಗೆ?” ಎಂದರು.

ಇದು ನನ್ನನ್ನು ಪರೀಕ್ಷಿಸುವ ಆ ಪ್ರಶ್ನೆಯೋ, ಅಪ್ಪನ ಪ್ರಶ್ನೆಯೋ? ಇವತ್ತಿಗೂ ನನಗೆ ತಿಳಿಯದು. ನಾಲಿಗೆಯ ತುದಿಗೆ ಎಲ್ಲವೂ ಬಂದು ನಿಂತಿತ್ತು. ಬಾಯಿ ಬಿಟ್ಟಿದ್ದರೆ ಅವರ ಎರಡು ವಾರದ ಸಂಕಟ ಎರಡು ನಿಮಿಷದಲ್ಲಿ ತೀರುತ್ತಿತ್ತು. ಹೇಳುವುದೇ ಪುಣ್ಯದ ಕೆಲಸ ಅಂತಲೂ ಅನಿಸಿತು. ಆದರೆ ಅದು ಅವಳು ಹೇಳಬೇಕಾದ ಮಾತು. ನನ್ನ ಬಾಯಲ್ಲಿ ಬಂದರೆ ಬೀದಿಯ ಸುದ್ದಿಯಾಗಿಬಿಡುತ್ತಿತ್ತು.

“ಓದಿದ್ದು ತಪ್ಪಾಯ್ತು ಅಣ್ಣ. ಹೇಳಿದ್ರೆ ಇನ್ನೊಂದು ತಪ್ಪಾಗುತ್ತೆ. ಅವಳನ್ನೇ ಕೇಳಿ.”

“ಕೇಳೋ ಹಂಗಿಲ್ಲವಲ್ಲ, ಷರತ್ತು.”

“ಮೇಡಂನ ಕೇಳಬೇಡಿ ಅಂದಿದ್ದು. ಮಗಳನ್ನ ಕೇಳಬೇಡಿ ಅಂತ ಯಾರು ಅಂದ್ರು?”

ಅವರು ಕೌಂಟರಿನ ಮೇಲಿಂದ ಕೈ ತೆಗೆದುಕೊಂಡರು. ಆಮೇಲೆ, ಭಯ ಆಗುತ್ತೆ ಕಣಮ್ಮ, ಎಂದು ಮೆಲ್ಲಗೆ ಹೇಳಿ ತಮ್ಮ ಅಂಗಡಿಗೆ ಹೋದರು. ಅಷ್ಟರಲ್ಲಿ ಹುಡುಗಿ ಕವರು ಹಿಡಿದು ಬಂದಳು. ನಾನು ಮೂಲ ಪ್ರತಿಯನ್ನು ಅವಳ ಕೈಗಿಟ್ಟು, ಅಪ್ಪ ಕರೀತಾ ಇದ್ದಾರೆ ನೋಡು ಎಂದೆ. ಅಷ್ಟು ಸುಳ್ಳು ಹೇಳುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ.

ಹಲಗೆಯ ಆ ಕಡೆ ಸ್ಟೂಲು ಎಳೆದ ಸದ್ದಾಯಿತು. ಅವರು ಮೂರು ಸಲ ಗಂಟಲು ಸರಿಮಾಡಿಕೊಂಡರು. ಆಮೇಲೆ, ನೀನು ಬರೆದದ್ದು ನನಗೆ ಓದಿ ಹೇಳ್ತೀಯಾ ಎಂದು ಕೇಳಿದರು.

“ನೀನು ಕೇಳ್ತೀಯ ಅಂತ ದಿನಾ ಬ್ಯಾಗಲ್ಲಿ ಇಟ್ಕೊಂಡೇ ಓಡಾಡ್ತಿದ್ದೆ ಅಪ್ಪ,” ಎಂದಳು. “ನೀನು ಪೆನ್ನಿನ ಬಗ್ಗೆ ಕೇಳ್ತಿದ್ದೆ.”

ಹಾಳೆ ತಿರುವಿದ ಸದ್ದು. ಅವಳು ಮೊದಲ ಸಾಲು ಶುರು ಮಾಡಿದಳು. ಅದನ್ನು ನಾನಾಗಲೇ ಓದಿದ್ದೆ, ನಿಜ. ಆದರೆ ಅವರು ಅದನ್ನು ಹೇಗೆ ಕೇಳಿಸಿಕೊಳ್ಳುತ್ತಾರೆ, ಎಲ್ಲಿ ನಗುತ್ತಾರೆ, ಎಲ್ಲಿ ಅವರ ಉಸಿರು ನಿಲ್ಲುತ್ತದೆ ಎಂಬುದನ್ನು ತಿಳಿಯಲು ನನ್ನ ಜೀವ ಕಿವಿಗೆ ಬಂದು ಕೂತಿತ್ತು. ಆ ಆಸೆಯನ್ನು ಸುಳ್ಳಾಡಿ ಮುಚ್ಚುವುದಿಲ್ಲ. ನಾನು ಎದ್ದು ಹೋಗಿ ಮೆಷಿನ್ನಿನಲ್ಲಿ ಇಪ್ಪತ್ತು ಎಂದು ಒತ್ತಿದೆ. ಹಳೆಯ ಮೆಷಿನ್ನು, ಶುರುವಾದರೆ ಪಕ್ಕದವರ ಮಾತು ಕೇಳಿಸುವುದಿಲ್ಲ. ಇಪ್ಪತ್ತು ಮುಗಿದ ಮೇಲೆ ಮತ್ತೆ ಇಪ್ಪತ್ತು ಒತ್ತಿದೆ. ಗಾಜಿನ ಮೇಲೆ ಏನೂ ಇರಲಿಲ್ಲ. ಬರೀ ಬಿಳಿ ಹಾಳೆಗಳು ಒಂದರ ಮೇಲೊಂದು ಬುಟ್ಟಿಗೆ ಬಂದು ಬೀಳುತ್ತಿದ್ದವು.

ಎಷ್ಟು ಹೊತ್ತಾಯಿತೋ, ತಿರುಗಿ ನೋಡಿದರೆ ಬೀಗದಣ್ಣ ಕೌಂಟರಿನ ಮುಂದೆ ನಿಂತಿದ್ದಾರೆ. ಕಣ್ಣು ಕೆಂಪಾಗಿತ್ತು. ಆದರೆ ಅಷ್ಟು ಸಂತೋಷದ ಮುಖವನ್ನು ನಾನು ಅವರಲ್ಲಿ ಅದಕ್ಕೆ ಮುಂಚೆಯೂ ಆಮೇಲೂ ನೋಡಿಲ್ಲ, ಕಾಲೇಜಿನಿಂದ ಸೀಟು ಸಿಕ್ಕಿತೆಂದು ಕಾಗದ ಬಂದ ದಿನವೂ ಇಲ್ಲ. ಅವರು ಬುಟ್ಟಿಯಿಂದ ಒಂದು ಹಾಳೆ ಎತ್ತಿ ಈ ಕಡೆ ನೋಡಿದರು, ತಿರುಗಿಸಿ ಆ ಕಡೆ ನೋಡಿದರು.

“ಯಾರದಮ್ಮ ಇದು, ಇಷ್ಟೊಂದು?” ಎಂದರು.

“ಗಿರಾಕಿ ವಿಷಯ ನಾನು ಹೇಳಲ್ಲ ಅಣ್ಣ,” ಎಂದೆ.

ಅವರು ಹಾಳೆಯನ್ನು ಜಾಗಕ್ಕಿಟ್ಟು, ರಸ್ತೆಯ ಆಚೆಯ ಹೋಟೆಲಿನವರಿಗೆ ಎರಡು ಟೀ ಎಂದು ಕೈ ತೋರಿಸಿದರು.